ನಕ್ಷೆಯಲ್ಲಿ ಹತ್ತಿರ, ಕಾಲಿಗೆ ದೂರ: ಹೊಸ ದವಾಖಾನೆ ಎಲ್ಲಿ ಕಟ್ಟಬೇಕು?

ಪುಣೆಯ ದಕ್ಷಿಣದ ಅಂಚಿನಲ್ಲಿ ನಮ್ಮ ಮನೆ. ಕೆಲವು ವರ್ಷಗಳ ಹಿಂದೆ ಇದು ಹಳ್ಳಿ. ಈಗ ಪಾಲಿಕೆಯೊಳಗೆ ಸೇರಿದೆ, ಆದರೆ ಆ ಸುದ್ದಿ ಇಲ್ಲಿನ ಎಮ್ಮೆಗಳಿಗೆ ಇನ್ನೂ ಮುಟ್ಟಿಲ್ಲ. ಸಂಜೆ ಆರಕ್ಕೆ ಅವು ರಸ್ತೆ ತುಂಬ ನಡೆಯುತ್ತವೆ. ಹಿಂದೆ ಐಟಿ ಕಂಪನಿಗಳ ಬಸ್ಸುಗಳು ಹಾರ್ನ್ ಹೊಡೆಯುತ್ತಾ ನಿಂತಿರುತ್ತವೆ.

ಇಲ್ಲಿಗೊಂದು ಹೊಸ ಸರ್ಕಾರಿ ದವಾಖಾನೆ ಬರುತ್ತದೆ ಎಂದಾಯಿತು. ಬೇಡ ಅಂದವರು ಯಾರೂ ಇಲ್ಲ. ಎಲ್ಲಿ ಅನ್ನುವುದಕ್ಕೆ ಮಾತ್ರ ಮಾರುತಿ ಮಂದಿರದ ಸಭಾಮಂಟಪದಲ್ಲಿ ಮೂರು ಭಾನುವಾರ ಜಗಳ ನಡೆಯಿತು. ಗಾವಠಾಣದವರು, ಅಂದರೆ ಹಳೇ ಊರಿನ ಮನೆತನಗಳವರು, ನಮ್ಮ ಹಳೇ ಶಾಲೆಯ ಜಾಗದಲ್ಲೇ ಆಗಲಿ ಅನ್ನುತ್ತಾರೆ. ಸೊಸೈಟಿಗಳವರು, ಅಂದರೆ ಹೊಸ ಅಪಾರ್ಟ್‌ಮೆಂಟುಗಳವರು, ನಾನೂ ಆ ಗುಂಪಿನವಳೇ, ದೊಡ್ಡ ಲೇಔಟ್ ಕಟ್ಟಿದ ಬಿಲ್ಡರ್ ಬಿಟ್ಟುಕೊಟ್ಟ ಅಮೆನಿಟಿ ಸ್ಪೇಸ್, ಅಂದರೆ ಸಾರ್ವಜನಿಕ ಸೌಲಭ್ಯದ ಜಾಗ, ಖಾಲಿ ಬಿದ್ದಿದೆಯಲ್ಲ, ಅದನ್ನು ತೋರಿಸುತ್ತಾರೆ. ಮೂರನೆಯದು ನಾಲಾದ (ಹಳ್ಳದ) ಆಚೆ, ಗಾಯರಾನ್ (ಗೋಮಾಳ) ಪಕ್ಕದ ಕೂಲಿ ಬಸ್ತಿಯ ಹತ್ತಿರ. ಬಸ್ತಿಯಲ್ಲಿ ಕನ್ನಡದವರೇ ಜಾಸ್ತಿ. ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಸಭೆಗೆ ಅವರಲ್ಲಿ ಒಬ್ಬರೂ ಬಂದಿರಲಿಲ್ಲ. ಭಾನುವಾರವೂ ಎಲ್ಲಾದರೂ ಸ್ಲ್ಯಾಬ್ ಹಾಕುವುದು ಇದ್ದೇ ಇರುತ್ತದೆ.

ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಯಾದಗಿರಿ ಕಡೆಯ ಹೆಣ್ಣುಮಗಳನ್ನು ಸುಮ್ನೆ ಕೇಳಿದೆ. ನಿಮಗೆ ಎಲ್ಲಿ ಆದರೆ ಅನುಕೂಲ? "ಎಲ್ಲೆರ ಕಟ್ರಿ ಅಕ್ಕಾರ, ಸಂಜಿಮುಂದ ತಗದಿದ್ರ ಸಾಕು. ಮಧ್ಯಾಹ್ನಕ್ಕ ಮುಚ್ಚಿದ್ರ ಬಾಜೂಕ ಇದ್ರೂ ನಮಗೇನು ಬಂತ್ರಿ?" ಅಂದಳು.

ಮೂರು ಭಾನುವಾರದ ಮಾತಿನಲ್ಲಿ ಯಾರಿಗೂ ಹೊಳೆಯದ ವಿಷಯ ಇದು. ಆಮೇಲೆ ನಾನು ಸ್ವಲ್ಪ ಓದಿಕೊಂಡೆ.

ಮೊದಲು, ಕಟ್ಟುತ್ತಿರುವುದು ಏನು?

ಅರ್ಧ ಜಗಳ ಹುಟ್ಟುವುದೇ ಇಲ್ಲಿ. ಒಬ್ಬರ ಮನಸ್ಸಿನಲ್ಲಿ ಇರುವುದು ರಾತ್ರಿ ಹೆರಿಗೆ ಮಾಡಿಸುವ ಆಸ್ಪತ್ರೆ. ಇನ್ನೊಬ್ಬರ ಮನಸ್ಸಿನಲ್ಲಿ ಐಸಿಯು ಇರುವ ದೊಡ್ಡ ಕಟ್ಟಡ. ಬರುತ್ತಿರುವುದು ಎರಡೂ ಅಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನುವ ಕಲ್ಪನೆಯನ್ನು ನಮ್ಮ ದೇಶಕ್ಕೆ ಒಂದು ಯೋಜನೆಯಾಗಿ ಕೊಟ್ಟದ್ದು 1946ರ ಭೋರ್ ಸಮಿತಿ ವರದಿ. ಜೋಸೆಫ್ ಭೋರ್ ಪುಣೆಯ ಡೆಕ್ಕನ್ ಕಾಲೇಜಿನಲ್ಲೇ ಓದಿದವರು ಅನ್ನುವುದು ಇಲ್ಲಿನವರಿಗೆ ಒಂದು ಸಣ್ಣ ಖುಷಿ. 1952ರಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದ ಜೊತೆ ಈ ಕೇಂದ್ರಗಳು ಶುರುವಾದವು. ಈಗಿನ ಹಳ್ಳಿ ಲೆಕ್ಕ ಹೀಗಿದೆ: ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, 30,000ಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000ಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ. ಗುಡ್ಡಗಾಡು ಮತ್ತು ಆದಿವಾಸಿ ಪ್ರದೇಶಗಳಲ್ಲಿ ಇದು 3,000, 20,000, 80,000.

ಪಟ್ಟಣದ ಲೆಕ್ಕವೇ ಬೇರೆ. 2013ರಲ್ಲಿ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನ ಬಂದಾಗ 50,000 ಜನಕ್ಕೆ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಎಂದು ಇಟ್ಟರು. ಹಳ್ಳಿಯ ಕೇಂದ್ರದಲ್ಲಿ ಸಾಮಾನ್ಯವಾಗಿ ನಾಲ್ಕಾರು ಹಾಸಿಗೆ, ಹೆರಿಗೆ ಕೋಣೆ ಇರುತ್ತವೆ. ನಗರದ್ದರಲ್ಲಿ ರೋಗಿಯನ್ನು ಸೇರಿಸಿಕೊಳ್ಳುವುದಿಲ್ಲ. ಡಾಕ್ಟರು ನೋಡುತ್ತಾರೆ, ರಕ್ತ-ಮೂತ್ರದ ಪರೀಕ್ಷೆ ಆಗುತ್ತದೆ, ಔಷಧಿ ಕೊಡುತ್ತಾರೆ, ಲಸಿಕೆ ಹಾಕುತ್ತಾರೆ, ಬಸಿರಿಯರನ್ನು ಪರೀಕ್ಷೆ ಮಾಡುತ್ತಾರೆ. ಹಾಸಿಗೆ ಬೇಕಾದರೆ ಅದು ನಗರದ ಸಮುದಾಯ ಆರೋಗ್ಯ ಕೇಂದ್ರದ ಕೆಲಸ. ಅದು ಎರಡೂವರೆ ಲಕ್ಷ ಜನಕ್ಕೆ ಒಂದು, ಮಹಾನಗರಗಳಲ್ಲಿ ಐದು ಲಕ್ಷಕ್ಕೆ ಒಂದು.

ಪುಣೆಯ ಅಂಚಿನ ಊರುಗಳ ಪೇಚು ಇಲ್ಲೇ ಇದೆ. 2017ರಲ್ಲಿ 11 ಹಳ್ಳಿಗಳು ಪಾಲಿಕೆಗೆ ಸೇರಿದವು, 2021ರಲ್ಲಿ ಇನ್ನೂ 23. ನಿನ್ನೆ ಜಿಲ್ಲಾ ಪರಿಷತ್ತಿನ ಲೆಕ್ಕದಲ್ಲಿದ್ದ ಊರು ಇವತ್ತು ನಗರದ ಲೆಕ್ಕಕ್ಕೆ ಬಂತು. "ಮೊದಲಿದ್ದ ಹೆರಿಗೆ ಕೋಣೆ ಎಲ್ಲಿ ಹೋಯಿತು?" ಎಂದು ಹಳೇ ಊರಿನ ಅಜ್ಜಿ ಕೇಳಿದರೆ ತಪ್ಪೇನಿಲ್ಲ. ಆದರೆ ಆ ಪ್ರಶ್ನೆ ಈ ಕಟ್ಟಡದ ಜಾಗಕ್ಕೆ ಸಂಬಂಧಿಸಿದ್ದಲ್ಲ. ಅದನ್ನು ಬೇರೆ ಅರ್ಜಿಯಲ್ಲಿ ಕೇಳಬೇಕು.

ನಟ್ಟನಡುವೆ ಅಂದರೆ ಎಲ್ಲಿ?

"ಯಾರಿಗೂ ಬೇಜಾರಾಗದ ಹಾಗೆ ನಡುವೆ ಕಟ್ಟಿಬಿಡಿ." ಪ್ರತಿ ಸಭೆಯಲ್ಲೂ ಒಬ್ಬ ಹಿರಿಯರು ಹೀಗೆ ಹೇಳುತ್ತಾರೆ, ಎಲ್ಲರೂ ತಲೆ ಆಡಿಸುತ್ತಾರೆ. ಇದೇ ಕೆಟ್ಟ ಸಲಹೆ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ಕೆಳಗಿನ ಅಂಕಿಗಳು ತಿಳಿಯಲಿ ಎಂದು ನಾನೇ ಹಿಡಿದಿದ್ದು. ನಿಮ್ಮ ಊರಿಗೆ ನಿಮ್ಮ ಅಂಕಿ ಹಾಕಿಕೊಳ್ಳಿ.

ಒಂದೇ ನೇರ ರಸ್ತೆಯ ಊರು. ಒಂದು ತುದಿಯಲ್ಲಿ ಹಳೇ ಊರು, 4,000 ಜನ. ಅಲ್ಲಿಂದ 2 ಕಿಲೋಮೀಟರಿಗೆ ಕೂಲಿ ಬಸ್ತಿ, 5,000 ಜನ. ಇನ್ನೊಂದು ಕಿಲೋಮೀಟರ್ ಮುಂದೆ ಸೊಸೈಟಿಗಳು, 11,000 ಜನ. ಪ್ರತಿಯೊಬ್ಬರೂ ಒಂದೊಂದು ಸಲ ದವಾಖಾನೆಗೆ ಹೋದರೆ ಊರೆಲ್ಲ ಸೇರಿ ಎಷ್ಟು ನಡೆಯಬೇಕು? ಸೊಸೈಟಿಗಳ ಹತ್ತಿರ ಕಟ್ಟಿದರೆ 17,000 ಕಿಲೋಮೀಟರ್. ಬಸ್ತಿಯಲ್ಲಿ ಕಟ್ಟಿದರೆ 19,000. ಹಳೇ ಊರಲ್ಲಿ ಕಟ್ಟಿದರೆ 43,000. ತಲೆ ಎಣಿಸಿದರೆ ಸೊಸೈಟಿಯವರೇ ಗೆದ್ದರು. ನಮ್ಮ ಸೊಸೈಟಿಯ ಅಧ್ಯಕ್ಷರು ಸಭೆಯಲ್ಲಿ ಮಂಡಿಸಿದ್ದೂ ಹೆಚ್ಚುಕಡಿಮೆ ಇದೇ ವಾದ.

ಈಗ ತಲೆ ಬಿಟ್ಟು, ನಿಜವಾಗಿ ಬರುವವರನ್ನು ಎಣಿಸಿ. ಸೊಸೈಟಿಗಳಲ್ಲಿ ಜ್ವರ ಬಂದರೆ ಎಷ್ಟು ಜನ ಸರ್ಕಾರಿ ದವಾಖಾನೆಗೆ ಹೋಗುತ್ತೇವೆ? ಹತ್ತರಲ್ಲಿ ಒಬ್ಬರು ಎಂದು ಹಿಡಿಯೋಣ, ಅದೂ ಉದಾರವಾಗಿ. ಹಳೇ ಊರಿನಲ್ಲಿ ಅರ್ಧದಷ್ಟು ಜನ, ಬಸ್ತಿಯಲ್ಲಿ ಹತ್ತರಲ್ಲಿ ಒಂಬತ್ತು ಜನ. ಅಂದರೆ ಬರುವವರು ಹಳೇ ಊರಿನಿಂದ 2,000, ಬಸ್ತಿಯಿಂದ 4,500, ಸೊಸೈಟಿಗಳಿಂದ 1,100. ಈಗ ಸೊಸೈಟಿ ಹತ್ತಿರ ಕಟ್ಟಿದರೆ ಒಟ್ಟು ನಡಿಗೆ 10,500 ಕಿಲೋಮೀಟರ್. ಹಳೇ ಊರಲ್ಲಾದರೆ 12,300. ಬಸ್ತಿಯಲ್ಲಾದರೆ ಬರೀ 5,100. ಹಿರಿಯರು ಹೇಳಿದ ನಟ್ಟನಡುವೆ, ಅಂದರೆ ಒಂದೂವರೆ ಕಿಲೋಮೀಟರಿನ ಬಯಲಲ್ಲಿ, 6,900. ಅಲ್ಲಿ ಯಾರೂ ವಾಸ ಇಲ್ಲ, ಬಸ್ ನಿಲ್ಲುವುದಿಲ್ಲ, ರಾತ್ರಿ ದೀಪ ಇಲ್ಲ. ಎಲ್ಲರಿಗೂ ಸಮ ಅಂದುಕೊಂಡದ್ದು ಕೊನೆಗೆ ಯಾರ ಮನೆಯ ಹತ್ತಿರವೂ ಇರುವುದಿಲ್ಲ.

ನಗರ ಆರೋಗ್ಯ ಅಭಿಯಾನದ 2013ರ ಮಾರ್ಗಸೂಚಿ ಈ ಗುಣಾಕಾರ ಏನೂ ಇಲ್ಲದೆ ನೇರವಾಗಿ ಹೇಳುತ್ತದೆ: ಕೇಂದ್ರ ಆದಷ್ಟೂ ಕೊಳೆಗೇರಿಯ ಒಳಗೇ ಇರಬೇಕು, ಇಲ್ಲವೇ ಅರ್ಧ ಕಿಲೋಮೀಟರಿನ ಒಳಗಿರಬೇಕು. 50,000 ಜನರಲ್ಲಿ 25,000ದಿಂದ 30,000 ಮಂದಿ ಕೊಳೆಗೇರಿಯವರು ಇರುತ್ತಾರೆ ಎಂದೇ ಅದು ಲೆಕ್ಕ ಹಾಕಿದೆ. ನಾವು ಮೂರು ಭಾನುವಾರ ಕಿರುಚಾಡಿದ ಪ್ರಶ್ನೆಗೆ ಕಾಗದದ ಮೇಲೆ ಮೊದಲೇ ಉತ್ತರ ಇತ್ತು.

ಹಾಗಾದರೆ ಮುಗಿಯಿತಲ್ವಾ? ಇಲ್ಲ. ಬಸ್ತಿಯ 5,000 ಜನರನ್ನು ಯಾರು ಎಣಿಸಿದ್ದಾರೆ? ದೇಶದ ಕೊನೆಯ ಜನಗಣತಿ 2011ರದ್ದು. ಮುಂದಿನದು 2027ಕ್ಕೆ ನಿಗದಿಯಾಗಿದೆ. 2011ರಲ್ಲಿ ಈ ಬಸ್ತಿಯೂ ಇರಲಿಲ್ಲ, ನಮ್ಮ ಸೊಸೈಟಿಯೂ ಇರಲಿಲ್ಲ, ಜೋಳದ ಹೊಲ ಇತ್ತು. ಮತದಾರರ ಪಟ್ಟಿ ನೋಡಿದರೂ ಬಸ್ತಿಯವರ ಹೆಸರು ಊರಲ್ಲೇ ಇರುತ್ತದೆ. ಸುರಪುರದಲ್ಲೋ ಸಿಂದಗಿಯಲ್ಲೋ ಮತ, ಪುಣೆಯಲ್ಲಿ ಜ್ವರ. ಕಡತದಲ್ಲಿ ಇಲ್ಲದವರನ್ನು ಲೆಕ್ಕಕ್ಕೆ ತರುವುದು ಆಶಾ ಕಾರ್ಯಕರ್ತೆಯರ ಮನೆ ಪಟ್ಟಿ. ನಗರದಲ್ಲಿ ಒಬ್ಬ ಆಶಾಗೆ 200ರಿಂದ 500 ಮನೆ. ಜಾಗದ ಬಗ್ಗೆ ವಾದ ಮಾಡುವವರು ಮೊದಲು ಕೇಳಬೇಕಾದ ಕಾಗದ ಅದು.

ನಾಲಾ, ಹೈವೇ, ನೀಲಿ ಗೆರೆ

ನೇರ ರಸ್ತೆಯ ಊರು ಲೆಕ್ಕದಲ್ಲಿ ಮಾತ್ರ ಇರುತ್ತದೆ. ನಮ್ಮ ಕಡೆ ಮುಂಬೈ-ಬೆಂಗಳೂರು ಹೆದ್ದಾರಿ ಊರನ್ನು ಸೀಳಿಕೊಂಡು ಹೋಗುತ್ತದೆ. ನವಲೆ ಸೇತುವೆಯ ಹತ್ತಿರದ ಇಳಿಜಾರಿನಲ್ಲಿ ಆಗುವ ಅಪಘಾತಗಳ ಸುದ್ದಿ ನೀವೂ ಓದಿರುತ್ತೀರಿ. ನಕ್ಷೆಯಲ್ಲಿ 400 ಮೀಟರ್ ಇದ್ದರೂ, ಕಂಕುಳಲ್ಲಿ ಕೂಸು ಎತ್ತಿಕೊಂಡವಳಿಗೆ ಆ ಹೆದ್ದಾರಿ ದಾಟುವುದೆಂದರೆ ಅಂಡರ್‌ಪಾಸ್ ಹುಡುಕಿ ಸುತ್ತು ಹಾಕುವುದು. ಅದಕ್ಕೇ ಜಾಗ ಅಳೆಯುವುದಾದರೆ ಮೊಬೈಲ್ ನಕ್ಷೆಯಲ್ಲಿ ಗೆರೆ ಎಳೆದು ಅಳೆಯಬಾರದು. ಬೇಸಿಗೆಯಲ್ಲಿ ಒಂದು ಸಲ, ಮಳೆಗಾಲದಲ್ಲಿ ಒಂದು ಸಲ ನಡೆದು ನೋಡಬೇಕು. ನಾನು ಬೇಸಿಗೆಯಲ್ಲಿ ಮಾತ್ರ ನಡೆದೆ, ಒಪ್ಪಿಕೊಳ್ಳುತ್ತೇನೆ.

ನೀರಿನ ವಿಷಯ ಇನ್ನೂ ಗಂಭೀರ. ನಾಲಾದ ಪಕ್ಕದ ಜಾಗ ಯಾವಾಗಲೂ ಸಸ್ತಾ, ಯಾವಾಗಲೂ ಖಾಲಿ. ಯಾಕೆ ಖಾಲಿ ಅನ್ನುವುದನ್ನು 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯ ಆಂಬಿಲ್ ಓಢಾ ಅನ್ನುವ ಹಳ್ಳ ತೋರಿಸಿತು. ಕಾತ್ರಜ್ ಕಡೆಯಿಂದ ನುಗ್ಗಿದ ನೀರು ಗೋಡೆ ಕೆಡವಿತು, ವಾಹನಗಳನ್ನು ಕೊಚ್ಚಿಕೊಂಡು ಹೋಯಿತು. 20ಕ್ಕೂ ಹೆಚ್ಚು ಜನ ಸತ್ತರು. 2024ರ ಜುಲೈಯಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾನಗರಿಯಲ್ಲಿ ಮನೆಗಳಿಗೇ ನೀರು ನುಗ್ಗಿತು. ನದಿಯ ಪ್ರವಾಹಕ್ಕೆ ಇಲ್ಲಿ ಎರಡು ಗೆರೆ ಇವೆ. 25 ವರ್ಷಕ್ಕೊಮ್ಮೆ ಬರುವಂಥ ಪ್ರವಾಹದ್ದು ನೀಲಿ ಗೆರೆ, 100 ವರ್ಷಕ್ಕೊಮ್ಮೆಯದು ಕೆಂಪು ಗೆರೆ. ನೀಲಿ ಗೆರೆಯ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ದವಾಖಾನೆ ಬೇಕಾಗುವುದೇ ನೀರು ಏರಿದ ದಿನ. ಅವತ್ತೇ ಲಸಿಕೆಯ ಫ್ರಿಜ್ ನೀರಲ್ಲಿ ತೇಲುತ್ತಿದ್ದರೆ ಏನು ಮಾಡುವುದು? ಹಾಗಾಗಿ ಬಸ್ತಿಯ ಹತ್ತಿರ ಅಂದರೂ ನಾಲಾದ ದಂಡೆ ಬೇಡ, ಏರಿನ ಮೇಲಿನ ತುಂಡು ಬೇಕು.

ಖಾಲಿ ಕಾಣುವ ಜಾಗ ನಿಜಕ್ಕೂ ಖಾಲಿಯೇ?

ಮಹಾರಾಷ್ಟ್ರದಲ್ಲಿ ಊರು ಬೆಳೆಯುವ ನಕ್ಷೆಗೆ ವಿಕಾಸ್ ಆರಾಖಡಾ ಅನ್ನುತ್ತಾರೆ. ಬಾಯಲ್ಲಿ ಎಲ್ಲರೂ ಡಿಪಿ (ಡೆವಲಪ್‌ಮೆಂಟ್ ಪ್ಲಾನ್) ಅಂತಲೇ ಹೇಳುವುದು. ಇದರ ಮೂಲ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆ. ಡಿಪಿಯಲ್ಲಿ ಒಂದು ಹೊಲದ ಮೇಲೆ "ದವಾಖಾನೆ" ಎಂದು ಬಣ್ಣ ಹಚ್ಚಿದರೆ ಅದು ಆರಕ್ಷಣ. ಜಮೀನು ಇನ್ನೂ ರೈತನದೇ, ಆದರೆ ಅವನು ಅಲ್ಲಿ ಮನೆ ಕಟ್ಟುವಂತಿಲ್ಲ. ಪಾಲಿಕೆ ಅದನ್ನು ಕೊಳ್ಳಬೇಕು. ದುಡ್ಡು ಕೊಡಬಹುದು, ಇಲ್ಲವೇ ಟಿಡಿಆರ್ ಕೊಡಬಹುದು. ಟಿಡಿಆರ್ ಅಂದರೆ "ಈ ಜಾಗದಲ್ಲಿ ಕಟ್ಟಬಹುದಾಗಿದ್ದ ಹಕ್ಕನ್ನು ಬೇರೆ ಕಡೆ ಬಳಸು" ಅನ್ನುವ ಒಂದು ಚೀಟಿ. ಬಿಲ್ಡರುಗಳು ಅದನ್ನು ಕೊಳ್ಳುತ್ತಾರೆ.

ಕೊಳ್ಳದೆ ಸುಮ್ಮನೆ ಕೂತರೆ? ಅದಕ್ಕೆ 127ನೇ ಕಲಂ ಇದೆ. ಡಿಪಿ ಜಾರಿಗೆ ಬಂದು 10 ವರ್ಷ ಕಳೆದ ಮೇಲೆ ಜಮೀನಿನವರು ನೋಟಿಸ್ ಕೊಡಬಹುದು. ನೋಟಿಸ್ ಕೊಟ್ಟ 24 ತಿಂಗಳೊಳಗೆ ಜಮೀನು ಪಡೆಯುವ ಹೆಜ್ಜೆ ಇಡದಿದ್ದರೆ ಆರಕ್ಷಣ ಬಿದ್ದುಹೋಗುತ್ತದೆ. ಮೊದಲು ಈ ಗಡುವು ಆರೇ ತಿಂಗಳಿತ್ತು. ಹೆಜ್ಜೆ ಅಂದರೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ಪತ್ರ ಬರೆಯುವುದಲ್ಲ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಗಿರ್ನಾರ್ ಟ್ರೇಡರ್ಸ್ ಪ್ರಕರಣದಲ್ಲಿ ಹೇಳಿತು. ದವಾಖಾನೆಯ ಬಣ್ಣ ಹಚ್ಚಿದ ಜಾಗದಲ್ಲಿ ಕೊನೆಗೆ ಅಪಾರ್ಟ್‌ಮೆಂಟ್ ಎದ್ದಿದ್ದು ಕಂಡರೆ, ಪ್ರತಿ ಸಲವೂ ಲಂಚದ ಕಥೆಯೇ ಇರಬೇಕೆಂದಿಲ್ಲ. ಕ್ಯಾಲೆಂಡರಿನ ಕಥೆಯೂ ಇರಬಹುದು.

ಹೊಸದಾಗಿ ಸೇರಿದ ಹಳ್ಳಿಗಳಿಗೆ ಇನ್ನೊಂದು ತೊಡಕು. 2021ರಲ್ಲಿ ಪುಣೆ ಮಹಾನಗರ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರ ಪಿಎಂಆರ್‌ಡಿಎ ಕರಡು ನಕ್ಷೆ ಹೊರಡಿಸಿದಾಗ ಹತ್ತಾರು ಸಾವಿರ ಆಕ್ಷೇಪಗಳು ಬಂದವು. ಜಾರಿಯಲ್ಲಿರುವ ನಕ್ಷೆಯೇ ಇಲ್ಲದ ಕಡೆ ಆರಕ್ಷಣದ ಮಾತು ಬರುವುದಿಲ್ಲ. ಆಗ ಅಧಿಕಾರಿಗಳು ಹುಡುಕುವುದು ಕೊಳ್ಳಬೇಕಿಲ್ಲದ ಜಾಗವನ್ನು. ನಮ್ಮ ಸಭೆಯ ಮೂರೂ ಜಾಗಗಳು ಹಾಗೆ ಬಂದವೇ. ಕಾಯಿಲೆ ಎಲ್ಲಿ ಜಾಸ್ತಿ ಎಂದು ನೋಡಿ ಆರಿಸಿದ್ದಲ್ಲ, ಪುಕ್ಕಟೆ ಎಲ್ಲಿ ಸಿಗುತ್ತದೆ ಎಂದು ನೋಡಿ ಆರಿಸಿದ್ದು. ಇದನ್ನು ಬೈಯುವ ಮನಸ್ಸು ನನಗಿಲ್ಲ. ಇಲ್ಲಿ ಗುಂಠೆಗೆ ಇರುವ ರೇಟು ನೋಡಿದರೆ ಯಾರಾದರೂ ಹಾಗೇ ಮಾಡುತ್ತಿದ್ದರು. ಆದರೆ ಪುಕ್ಕಟೆ ಜಾಗಕ್ಕೂ ಅದರದೇ ಗಂಟುಗಳಿವೆ.

ಗಾಯರಾನ್ ಅಂದರೆ ನಮ್ಮ ಗೋಮಾಳ. ಊರ ದನ ಮೇಯುವ ಜಾಗ. ಹಳ್ಳಿಯ ಸಾಮೂಹಿಕ ಜಮೀನನ್ನು ಖಾಸಗಿಯವರಿಗೆ ಬಿಡಬಾರದು, ಒತ್ತುವರಿ ತೆರವು ಮಾಡಿ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಖಡಾಖಂಡಿತವಾಗಿ ಹೇಳಿದೆ. ಸಾರ್ವಜನಿಕ ದವಾಖಾನೆಗೆ ದಾರಿ ಇದೆ, ಆದರೆ ಜಮೀನು ಕಂದಾಯ ಇಲಾಖೆಯ ಕೈಯಲ್ಲಿ. ಕಡತ ಕಲೆಕ್ಟರ್ ಕಚೇರಿಗೆ ಹೋಗಬೇಕು. ಹಳೇ ಶಾಲೆಯ ಜಾಗಕ್ಕೆ ಜಿಲ್ಲಾ ಪರಿಷತ್ತಿನಿಂದ ಹಸ್ತಾಂತರ ಆಗಬೇಕು, 7/12 ಉತಾರೆಯಲ್ಲಿ, ಅಂದರೆ ಇಲ್ಲಿನ ಪಹಣಿಯಲ್ಲಿ, ಹೆಸರು ಬದಲಾಗಬೇಕು. ಅಮೆನಿಟಿ ಸ್ಪೇಸ್ ಒಂದೇ ಎಲ್ಲಕ್ಕಿಂತ ಸಲೀಸು, ಕಾಗದ ಶುದ್ಧ, ಮುಂದೆ ಅಗಲ ರಸ್ತೆ. ಸೊಸೈಟಿಯವರ ವಾದಕ್ಕೆ ನಿಜವಾದ ಬಲ ಇರುವುದು ಇಲ್ಲಿ. ತಲೆ ಎಣಿಕೆಯಲ್ಲಿ ಅಲ್ಲ.

ಬಸ್ತಿ ಎದ್ದು ಹೋದರೆ?

ಗಾವಠಾಣದ ಒಬ್ಬರು ಎತ್ತಿದ ಈ ಪ್ರಶ್ನೆ ಚೆನ್ನಾಗಿತ್ತು. ಕಟ್ಟಡ ನಲವತ್ತು ವರ್ಷ ನಿಲ್ಲುತ್ತದೆ. ಕೂಲಿಯವರ ತಗಡಿನ ಶೆಡ್ಡು ಬಿಲ್ಡರಿನ ಕೆಲಸ ಮುಗಿದ ಕೂಡಲೇ ಬೇರೆ ಕಡೆ ಹೋಗುತ್ತದೆ. ಹೋಗುವ ಜನಕ್ಕೆ ನಿಲ್ಲುವ ಕಟ್ಟಡ ಯಾಕೆ?

ನನ್ನ ಉತ್ತರ: ಈಗಲೇ ಕಟ್ಟಡ ಯಾಕೆ? ಮಾರ್ಗಸೂಚಿ ಬಾಡಿಗೆ ಜಾಗಕ್ಕೂ ಒಪ್ಪುತ್ತದೆ. ಕರ್ನಾಟಕದಲ್ಲಿ 2022ರ ಡಿಸೆಂಬರಿನಲ್ಲಿ ಶುರುವಾದ ನಮ್ಮ ಕ್ಲಿನಿಕ್‌ಗಳು, ಮಹಾರಾಷ್ಟ್ರದ ಆಪ್ಲಾ ದವಾಖಾನಾಗಳು ಎಷ್ಟೋ ಕಡೆ ಸಣ್ಣ ಜಾಗದಲ್ಲೇ ನಡೆಯುತ್ತಿವೆ. ಎರಡು ಗಾಳಾ (ಅಂಗಡಿ ಕೋಣೆ) ಬಾಡಿಗೆಗೆ ಹಿಡಿದು ಒಂದೆರಡು ವರ್ಷ ನಡೆಸಿ ನೋಡಿದರೆ, ಯಾರು ಎಲ್ಲಿಂದ ಬರುತ್ತಾರೆ ಎಂದು ಕೇಸ್ ಪೇಪರೇ ಹೇಳುತ್ತದೆ. ಆಮೇಲೆ ಕಲ್ಲು ಹಾಕಿ. ಉದ್ಘಾಟನೆಯ ಫಲಕಕ್ಕೆ ಬಾಡಿಗೆ ಅಂಗಡಿಯ ಗೋಡೆ ಅಷ್ಟು ಶೋಭಿಸುವುದಿಲ್ಲ, ಅದೊಂದೇ ತೊಂದರೆ.

ಇನ್ನು ನಮ್ಮ ಸೊಸೈಟಿಯ ಕೆಲವರು, ನಾವು ಹೋಗದ ದವಾಖಾನೆ ಎಲ್ಲಿದ್ದರೇನು ಅನ್ನುವವರು. ಅವರಿಗೆ 2025ರ ಜನವರಿ ನೆನಪಿಸಬೇಕು. ಸಿಂಹಗಡ ರಸ್ತೆಯ ಕಿರಕಟವಾಡಿ, ನಾಂದೇಡ್, ಧಾಯರಿ ಸುತ್ತ ಗಿಲೆನ್-ಬಾರೆ ಸಿಂಡ್ರೋಮ್ ಹರಡಿತು. ಮೊದಲು ಹೊಟ್ಟೆ ಕೆಡುತ್ತಿತ್ತು, ವಾರದ ಮೇಲೆ ಕೈಕಾಲಿನ ಶಕ್ತಿ ಹೋಗುತ್ತಿತ್ತು. ಹೊಸದಾಗಿ ಪಾಲಿಕೆಗೆ ಸೇರಿದ ಹಳ್ಳಿಗಳೇ ಹೆಚ್ಚು. ಕುಡಿಯುವ ನೀರಿನ ಮೇಲೆ ಅನುಮಾನ ಬಂತು, ಸಿಬ್ಬಂದಿ ಮನೆ ಮನೆ ಸುತ್ತಿದರು. ಕಾಲು ಎತ್ತಲಾಗದವರು ದೊಡ್ಡ ಆಸ್ಪತ್ರೆಗಳಿಗೆ ಬಂದು ಸೇರಿದ ಮೇಲೆ ವಿಷಯ ಬಯಲಾಯಿತು. ಒಂದೇ ಬಾವಿಯ ನೀರು ಕುಡಿಯುವ ಇಪ್ಪತ್ತು ಮನೆಯಲ್ಲಿ ಭೇದಿ ಶುರುವಾಗಿದೆ ಎಂದು ಮೊದಲು ತಿಳಿಯಬೇಕಾದವಳು ಆ ಓಣಿಗೆ ದಿನಾ ಹೋಗುವ ಆರೋಗ್ಯ ಸಹಾಯಕಿ, ಅಂದರೆ ಎಎನ್‌ಎಂ. ಅವಳ ಮೇಜು ಹತ್ತಿರ ಇದ್ದರೆ ಓಣಿಯೂ ಹತ್ತಿರ. ಆ ನೀರು ಗೇಟಿನ ವಾಚ್‌ಮನ್‌ಗೆ ಪಾಸ್ ತೋರಿಸಿ ಒಳಗೆ ಬರುವುದಿಲ್ಲ.

ಬಾಗಿಲು ತೆರೆಯುವ ಹೊತ್ತು

ಈಗ ಪಾತ್ರೆ ತೊಳೆಯಲು ಬರುವ ಆ ಹೆಣ್ಣುಮಗಳ ಮಾತಿಗೆ ಬರುತ್ತೇನೆ. ಗಾರೆ ಕೆಲಸದವರು ಬೆಳಿಗ್ಗೆ ಎಂಟಕ್ಕೆ ಮಜೂರ್ ಅಡ್ಡಾದಲ್ಲಿ, ಅಂದರೆ ಕೂಲಿಗೆ ಕರೆಯುವವರಿಗೆ ಕಾಯುವ ಜಾಗದಲ್ಲಿ, ನಿಂತಿರಬೇಕು. ಹತ್ತಕ್ಕೆ ದವಾಖಾನೆಗೆ ಹೋದರೆ ಆ ದಿನದ ಕೂಲಿ ಹೋಯಿತು. ಖಾಸಗಿ ಡಾಕ್ಟರಿಗೆ ಸಂಜೆ ಫೀಸು ಕೊಡುವುದೇ ಅವರಿಗೆ ಅಗ್ಗ. "ಪುಕ್ಕಟೆ ಇದ್ದರೂ ಯಾಕೆ ಬರಲ್ಲ?" ಅನ್ನುವ ಪ್ರಶ್ನೆಗೆ ಉತ್ತರ ಇಷ್ಟೇ. 2013ರ ಮಾರ್ಗಸೂಚಿಯಲ್ಲಿ ಇದೂ ಇದೆ: ಹೊರರೋಗಿ ವಿಭಾಗ ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಇದ್ದರೆ ಒಳ್ಳೆಯದು ಎಂದು. ನನ್ನ ಲೆಕ್ಕದ ಆ 5,100 ಕಿಲೋಮೀಟರ್ ಕೂಡ ಬಾಗಿಲು ತೆರೆದಿದ್ದರೆ ಮಾತ್ರ ನಿಜ. ಮಧ್ಯಾಹ್ನಕ್ಕೇ ಮುಚ್ಚಿದರೆ 4,500 ಅನ್ನುವ ಅಂಕಿಯೇ ಕರಗುತ್ತದೆ. ಆಗ ಎಲ್ಲಿ ಕಟ್ಟಿದರೂ ಒಂದೇ.

ಭಾಷೆಯೂ ಒಂದು ದೂರವೇ. ಅವಳ ಸೊಸೆ ಊರಿಂದ ತಂದದ್ದು ಕನ್ನಡದ ತಾಯಿ ಕಾರ್ಡ್. ಯಾವ ಲಸಿಕೆ ಆಗಿದೆ, ಯಾವುದು ಬಾಕಿ ಎಂದು ಮರಾಠಿ ಸಿಸ್ಟರಿಗೆ ಓದಿ ಹೇಳುವವರು ಬೇಕು. ಬಸ್ತಿಯಲ್ಲಿ ಹಿಂದಿ-ಮರಾಠಿ ಬಲ್ಲ ಹುಡುಗಿಯರಿದ್ದಾರೆ. ಅವರಲ್ಲೊಬ್ಬಳನ್ನು ಆಶಾ ಮಾಡಿಕೊಂಡರೆ ಆಯಿತು.

ನಾಲ್ಕನೇ ಭಾನುವಾರ ನಾವು ಆರು ಜನ ಕೂತು ಮರಾಠಿಯಲ್ಲಿ ಅರ್ಜಿ ಬರೆದೆವು. ಇಲ್ಲಿ ಇದಕ್ಕೆ ಹರಕತಿ-ಸೂಚನಾ ಅನ್ನುತ್ತಾರೆ. "ನಮ್ಮ ಭಾಗಕ್ಕೆ ಬೇಕು" ಎಂದು ಬರೆದ ಕಾಗದಗಳು ರಾಶಿಗಟ್ಟಲೆ ಬರುತ್ತವೆ, ಅವು ಎಲ್ಲಾ ಒಂದೇ ತೂಕ. ಅದಕ್ಕೆ ಸರ್ವೇ ನಂಬರ್ ಬರೆದೆವು, ನಡೆದು ಅಳೆದ ದೂರ ಬರೆದೆವು, ಪ್ರವಾಹದ ಗೆರೆ ಪರೀಕ್ಷಿಸಿ ಎಂದು ಕೇಳಿದೆವು, ಮಾರ್ಗಸೂಚಿಯ ಅರ್ಧ ಕಿಲೋಮೀಟರಿನ ಸಾಲನ್ನು ಹಾಗೇ ಇಳಿಸಿದೆವು. ಗಾವಠಾಣದ ಹಿರಿಯರು ಒಂದು ಷರತ್ತಿನ ಮೇಲೆ ಸಹಿ ಹಾಕಿದರು: ವಾರಕ್ಕೆರಡು ದಿನ ಲಸಿಕೆ ಮತ್ತು ಬಿಪಿ-ಶುಗರ್ ತಪಾಸಣೆ ಹಳೇ ಶಾಲೆಯಲ್ಲಿ ಆಗಬೇಕು. ಅದನ್ನೂ ಸೇರಿಸಿದೆವು. ನಮ್ಮ ಅಧ್ಯಕ್ಷರು ಇನ್ನೂ ಸಹಿ ಹಾಕಿಲ್ಲ. ಸಂಜೆಯ ಹೊತ್ತಿನ ಸಾಲನ್ನು ಮೊದಲನೆಯ ಕಲಮಾಗಿ ಇಟ್ಟೆವು.

ಸೋಮವಾರ ಅವಳಿಗೆ ಆ ಕಾಗದ ಓದಿ ಹೇಳಿದೆ. ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು.

"ನನಗ ಕನ್ನಡದಾಗಷ್ಟ ಬರತೈತ್ರಿ ಅಕ್ಕಾರ. ನಡೀತದೇನ್ರಿ?"

ನಡೀತದ ಅಂದೆ. ಮರುದಿನ ಆ ಕಾಗದವನ್ನು ಬಸ್ತಿಗೆ ಒಯ್ದಳು. ವಾಪಸ್ ಬರುವಾಗ ಹಿಂದಿನ ಪುಟವೂ ತುಂಬಿತ್ತು, ಎಲ್ಲಾ ಕನ್ನಡ ಸಹಿ, ನಡುನಡುವೆ ಹೆಬ್ಬೆಟ್ಟು.